ಮೇಸ್ತ್ರಿಯ ಸ್ವಂತ ರಿಪೇರಿ

ಮಾರ್ಚ್ 4

ಇವಳಿಗೆ,

ಫೋನ್ ಮಾಡಿದರೆ ನಿಮ್ಮಕ್ಕ ನಿನ್ನ ಪಕ್ಕದಲ್ಲೇ ಕೂತಿರುತ್ತಾರೆ. ನಾನು ಏನು ಕೇಳಿದರೂ ನಿನ್ನ ಬಾಯಿಂದ ‘ಹೂಂ’, ‘ಆಯ್ತು’, ‘ಊಟ ಆಯ್ತಾ’ ಬಿಟ್ಟು ಬೇರೆ ಬರುವುದಿಲ್ಲ. ಅದಕ್ಕೇ ಕಾಗದ. ಮದುವೆಯಾದ ಹೊಸತರಲ್ಲಿ ಪಂಪ್ ಕೂರಿಸಲು ಊರೂರು ಅಲೆಯುವಾಗ ಬರೆಯುತ್ತಿದ್ದೆನಲ್ಲ, ಹಾಗೆ. ಆಗ ಬರೆಯಲು ವಿಷಯ ಬೇರೆ ಇತ್ತು.

ನಿನ್ನೆ ಆಸ್ಪತ್ರೆಗೆ ಹೋಗಿದ್ದೆ. ಆಪರೇಷನ್ ಆಗಿ ಏಳು ತಿಂಗಳಾಯಿತಲ್ಲ, ರಕ್ತಪರೀಕ್ಷೆ ಮಾಡಿದರು. ಪ್ರಾಸ್ಟೇಟ್ ಗ್ರಂಥಿಯ ಜೊತೆಗೆ ಕ್ಯಾನ್ಸರೂ ಹೋಗಿದೆ, ಈಗ ಹೆದರುವಂಥದ್ದು ಏನೂ ಇಲ್ಲ ಎಂದರು. ಏಳಲು ಹೊರಟವನು ಮತ್ತೆ ಕೂತೆ.

“ಮತ್ತೆ ಆ ವಿಷಯ, ಡಾಕ್ಟ್ರೇ?”

“ಯಾವ ವಿಷಯ?”

ಅವರ ಹಿಂದೆ ಕಲಿಯಲು ಬಂದ ಇಬ್ಬರು ಹೆಣ್ಣುಮಕ್ಕಳು ನಿಂತಿದ್ದರು. ನಮ್ಮ ಮಗಳ ವಯಸ್ಸಿನವರು. ನಾನು ಫ್ಯಾನ್ ನೋಡುತ್ತಾ “ಮನೆ ವಿಷಯ” ಅಂದೆ.

“ಓ, ನಿಮಿರೋದಾ! ಅದಕ್ಕೆ ಟೈಮ್ ಬೇಕು ಯಜಮಾನ್ರೇ. ಅದಕ್ಕೆ ಹೋಗೋ ನರ ಎರಡು ಕಡೆ ಇರ್ತವೆ. ಒಂದು ಕಡೇದು ಗಡ್ಡೆ ಜೊತೆ ತೆಗೀಬೇಕಾಯ್ತು. ಇನ್ನೊಂದು ಕಡೇದು ಉಳಿಸಿದೀವಿ, ಆದ್ರೆ ಅದು ಪೆಟ್ಟು ತಿಂದು ಮಲಗಿದೆ. ಒಂದೂವರೆ ವರ್ಷ, ಎರಡು ವರ್ಷ ಹಿಡೀಬಹುದು. ಏನೋ, ಜೀವ ಉಳೀತಲ್ಲ!”

ಜೀವ ಉಳಿಯಿತಲ್ಲ. ಇಸ್ತ್ರಿ ಅಂಗಡಿಯವನೂ ಅದನ್ನೇ ಹೇಳುತ್ತಾನೆ. ಮಗಳೂ ಅದನ್ನೇ ಹೇಳುತ್ತಾಳೆ. ಆ ಮಾತು ಕೇಳಿದ ಮೇಲೆ ಬೇರೆ ಏನು ಕೇಳಿದರೂ ದುರಾಸೆಯವನಂತೆ ಕಾಣುತ್ತೇನೆ.

ಹೊರಗೆ ನರ್ಸಮ್ಮ ಒಂದು ಪೆಟ್ಟಿಗೆ ಕೊಟ್ಟರು. ಬಿಚ್ಚಿ ನೋಡಿದರೆ ಪಂಪು! ಅಂಗಕ್ಕೆ ಹಾಕುವ ಪ್ಲಾಸ್ಟಿಕ್ ಕೊಳವೆ, ಅದರ ತಲೆಯ ಮೇಲೆ ಕೈಪಂಪು. ಒಳಗಿನ ಗಾಳಿ ಎಳೆದರೆ ರಕ್ತ ನುಗ್ಗಿ ಬರುತ್ತದಂತೆ. ಬಂದ ರಕ್ತ ವಾಪಸ್ ಹೋಗದಂತೆ ಬುಡಕ್ಕೆ ಒಂದು ರಬ್ಬರ್ ಬಳೆ. ಬರೀ ವ್ಯಾಯಾಮಕ್ಕಾದರೆ ಬಳೆ ಬೇಡ, ದಿನಾ ಮಾಡಿ, ಇಲ್ಲದಿದ್ದರೆ ಒಳಗಿನ ಮಾಂಸ ಸೊರಗುತ್ತದೆ ಎಂದರು. ಮೂವತ್ತು ವರ್ಷ ಊರಿನ ಪಂಪುಗಳನ್ನೆಲ್ಲ ರಿಪೇರಿ ಮಾಡಿದವನ ಕೈಗೆ ಕೊನೆಗೆ ಸಿಕ್ಕ ಪಂಪು ನೋಡು! ತಯಾರಿಕೆ ಮಾತ್ರ ತೀರಾ ಸಾಧಾರಣ.

ನೀನು ಯಾವಾಗ ಬರುತ್ತೀಯ ಎಂದು ನಾನು ಕೇಳುತ್ತಿಲ್ಲ. ಗಂಡನನ್ನು ಕಳೆದುಕೊಂಡ ಅಕ್ಕನ ಜೊತೆ ಇರಬೇಕಾದ್ದು ಧರ್ಮ.

ನಿನ್ನ
ಮೇಸ್ತ್ರಿ

ಮಾರ್ಚ್ 12

ರೀ,

ಕಾಗದ ತಲುಪಿತು. ರಕ್ತಪರೀಕ್ಷೆ ಚೆನ್ನಾಗಿ ಬಂದದ್ದು ಓದಿ ಮನಸ್ಸು ಹಗುರವಾಯಿತು.

ಭಾವನ ಅಂಗಿಗಳನ್ನೆಲ್ಲ ಅಕ್ಕ ನನ್ನ ಮುಂದೆ ತಂದು ಹಾಕಿದ್ದಾಳೆ. ಚಿಕ್ಕದು ಮಾಡಿ ಯಾರಿಗಾದರೂ ಕೊಡೋಣ ಅನ್ನುತ್ತಾಳೆ. ನಾನು ಹೊಲಿಗೆ ಬಿಚ್ಚಲು ಕೂತರೆ ‘ಇದೊಂದು ಇರಲಿ’ ಎಂದು ಎತ್ತಿಕೊಂಡು ಹೋಗುತ್ತಾಳೆ. ಹೀಗೆ ಒಂದೊಂದೇ ಅಂಗಿ ಮತ್ತೆ ಬೀರುವಿಗೆ ಸೇರಿತು. ಈಗ ನನ್ನ ಹತ್ತಿರ ಬಿಚ್ಚಿದ ಗುಂಡಿಗಳು ಮಾತ್ರ ಉಳಿದಿವೆ.

ನಿಮ್ಮ ವಿಷಯ ಬಂದಾಗ ಅಕ್ಕ, “ನಿನ್ನ ಗಂಡ ಕಣ್ಣೆದುರಿಗೆ ಓಡಾಡ್ಕೊಂಡಿದಾರಲ್ಲ, ನಿನಗೇನೇ ಕಡಿಮೆ?” ಅಂದಳು. ಅವಳ ಎದುರಿಗೆ ಏನು ಹೇಳಲಿ?

ಮೂತ್ರ ಸೋರುವುದು ಪೂರ್ತಿ ನಿಂತಿತೇ? ನಿಮ್ಮ ಪ್ಯಾಡುಗಳು ಮಂಚದ ಕೆಳಗಿನ ಪೆಟ್ಟಿಗೆಯಲ್ಲಿವೆ. ಅಡುಗೆಮನೆಯ ಹಿಂದಿನ ಕಿಟಕಿ ಮುಚ್ಚಲು ಮರೆಯಬೇಡಿ, ಬೆಕ್ಕು ಬರುತ್ತದೆ. ಅಂಗಡಿಯಲ್ಲಿ ಭಾರ ಎತ್ತಬೇಡಿ.

ಇನ್ನೂ ಒಂದು ತಿಂಗಳು ಇಲ್ಲಿರುತ್ತೇನೆ.

ನಿಮ್ಮ
ಇವಳು

ಮಾರ್ಚ್ 20

ಇವಳಿಗೆ,

ಗುಂಡಿ ಬಗ್ಗೆ ಬರೆದೆ, ಬೆಕ್ಕಿನ ಬಗ್ಗೆ ಬರೆದೆ, ಕಿಟಕಿ ಬಗ್ಗೆ ಬರೆದೆ. ನಾನು ಮಾನ ಬಿಟ್ಟು ಬರೆದ ವಿಷಯಕ್ಕೆ ಒಂದು ಸಾಲೂ ಇಲ್ಲ. ಸೋರುವುದರ ಬಗ್ಗೆ ಕೇಳಿದೆಯಲ್ಲ, ನಿಂತಿದೆ. ನಿಲ್ಲಬಾರದ್ದೂ ನಿಂತಿದೆ.

ನಿನಗೆ ಅಸಹ್ಯವಾಗಿರಬಹುದು. ಆಪರೇಷನ್ ಆದಮೇಲೆ ಟ್ಯೂಬು, ಚೀಲ, ಪ್ಯಾಡು ಎಲ್ಲ ನೀನೇ ಬದಲಿಸಿದವಳು. ಅದನ್ನೆಲ್ಲ ನೋಡಿದ ಕಣ್ಣಿಗೆ ನಾನು ಮತ್ತೆ ಗಂಡನಂತೆ ಕಾಣಬೇಕು ಎಂದರೆ ಹೇಗೆ ಕಂಡೇನು? ಅರ್ಥವಾಗುತ್ತದೆ.

ಒಂದು ತಿಂಗಳೇಕೆ, ಎಷ್ಟು ದಿನ ಬೇಕೋ ಅಷ್ಟು ದಿನ ಇರು. ಇಲ್ಲಿ ನನಗೇನೂ ತೊಂದರೆಯಿಲ್ಲ.

ಮೇಸ್ತ್ರಿ

ಏಪ್ರಿಲ್ 17

ರೀ,

ನಿಮ್ಮ ಹೋದ ಕಾಗದಕ್ಕೆ ಬರೆಯಲು ಕೂತು ಹಲವು ಸಲ ಹರಿದು ಹಾಕಿದೆ. ಅದನ್ನು ಈಗ ಬಿಡಿ.

ವಾರದಿಂದ ನೀವು ಫೋನ್ ಎತ್ತುತ್ತಿಲ್ಲ. ಕೊನೆಗೆ ಇಸ್ತ್ರಿ ಅಂಗಡಿಯವನಿಗೆ ಫೋನ್ ಮಾಡಿದೆ. “ಅಮ್ಮಾ, ಮೇಸ್ತ್ರಿ ಅಂಗಡಿ ಬಾಗಿಲು ತೆಗೆದಿಲ್ಲ. ನಿನ್ನೆ ಔಷಧಿ ಅಂಗಡಿಗೆ ಹೋಗ್ತಿದ್ರು, ಕಾಲು ಅಗಲಿಸ್ಕೊಂಡು ಬಾತುಕೋಳಿ ಥರ ನಡೀತಿದ್ರು. ಏನಾಯ್ತು ಅಂದ್ರೆ ‘ನಿನ್ನ ಇಸ್ತ್ರಿ ನೀನು ನೋಡ್ಕೋ’ ಅಂತ ರೇಗಿದ್ರು” ಅಂದ.

ಕಾಯಿಲೆ ಮರಳಿ ಬಂತೇ? ಮಾರ್ಚಿನಲ್ಲಿ ನನಗೆ ಸುಳ್ಳು ಬರೆದಿರೇ? ಭಾವನೂ ಹೀಗೇ, ಎದೆ ನೋವನ್ನು ‘ಗ್ಯಾಸು, ಗ್ಯಾಸು’ ಎಂದು ಅಕ್ಕನಿಂದ ಮುಚ್ಚಿಟ್ಟರು. ಹೋದವರ ಅಂಗಿಯನ್ನು ನಾನು ಇನ್ನೊಮ್ಮೆ ಮಡಿಸಲಾರೆ. ಏನಿದ್ದರೂ ಇದ್ದ ಹಾಗೆ ಬರೆಯಿರಿ.

ಇವಳು

ಏಪ್ರಿಲ್ 22

ಇವಳಿಗೆ,

ಕಾಯಿಲೆ ಬಂದಿಲ್ಲ. ಬುದ್ಧಿ ಹೋಗಿತ್ತು, ಅಷ್ಟೇ. ಇದ್ದ ಹಾಗೆ ಬರೆ ಅಂದಿದ್ದೀಯ, ಬರೆಯುತ್ತೇನೆ. ಓದಿ ಹರಿದು ಹಾಕು.

ಆ ಪಂಪಿನಲ್ಲಿ ಎಷ್ಟು ಎಳೆದರೂ ಒಂದು ಹಂತಕ್ಕೆ ಬಂದು ‘ಸುಯ್’ ಎಂದು ಗಾಳಿ ಹೋಗುತ್ತಿತ್ತು. ಅರ್ಧಕ್ಕೆ ಬಂದದ್ದು ಅಲ್ಲಿಗೇ ನಿಲ್ಲುತ್ತಿತ್ತು. ವಾಲ್ವ್ ಸೋರುತ್ತಿದೆ ಅಂದುಕೊಂಡೆ. ಸೋರುವ ವಾಲ್ವನ್ನು ನನ್ನ ಕೈಗೆ ಕೊಟ್ಟರೆ ನಾನು ಸುಮ್ಮನಿರುತ್ತೇನೆಯೇ? ಅಂಗಡಿಗೆ ಒಯ್ದು, ಬಿಚ್ಚಿ, ಒಳ್ಳೆಯ ಟೇಪು ಸುತ್ತಿ ಬಿಗಿಯಾಗಿ ಮುಚ್ಚಿದೆ. ಹ್ಯಾಂಡಲಿಗೂ ನಮ್ಮದೇ ಒಂದು ಉದ್ದನೆಯದನ್ನು ಹಾಕಿದೆ. ಪರೀಕ್ಷೆ ಮಾಡಿ ನೋಡಿದೆ, ಒಂದು ಚೂರೂ ಗಾಳಿ ಹೋಗಲಿಲ್ಲ. ಬಹಳ ದಿನದ ಮೇಲೆ ಒಂದು ಕೆಲಸ ಚೆನ್ನಾಗಿ ಮಾಡಿದೆ ಅನ್ನಿಸಿತು.

ಅದು ಸೋರುತ್ತಿರಲಿಲ್ಲ. ಎಳೆತ ಹೆಚ್ಚಾದರೆ ತಾನೇ ಗಾಳಿ ಬಿಡಲೆಂದೇ ಇಟ್ಟ ವಾಲ್ವ್ ಅದು. ಪ್ರೆಷರ್ ಟ್ಯಾಂಕಿಗೆ ಅಂಥದ್ದನ್ನು ಎಷ್ಟು ಹಾಕಿದ್ದೇನೋ ಲೆಕ್ಕವಿಲ್ಲ. ನನ್ನ ಮೈಗೆ ಬಂದಾಗ ತಲೆಗೆ ಹೊಳೆಯಲಿಲ್ಲ. ಕುಣಿಯಲಾರದವನಿಗೆ ನೆಲ ಡೊಂಕು.

ಆಮೇಲೆ ಆದದ್ದನ್ನು ಹೆಚ್ಚು ಬರೆಯುವುದಿಲ್ಲ. ಬದನೆಕಾಯಿ ಬಣ್ಣ, ಊತ, ನೋವು. ಆಸ್ಪತ್ರೆಗೆ ಹೋದೆ. ನರ್ಸಮ್ಮ ಮೊದಲು ಅದನ್ನು ನೋಡಿದರು, ಆಮೇಲೆ ನಾನು ಚೀಲದಿಂದ ತೆಗೆದ ಪಂಪನ್ನು ನೋಡಿದರು.

“ಇದ್ಯಾರ್ರೀ ಟೇಪು ಸುತ್ತಿದ್ದು?”

“ನಾನೇ. ಲೀಕ್ ಇತ್ತು.”

“ಲೀಕಾ? ಇದನ್ನೇನು ಬೋರ್‌ವೆಲ್ ಅಂದ್ಕೊಂಡ್ರಾ? ಮೊದಲ ದಿನ ನಾನು ಬಾಯಿ ನೋಯೋ ಹಾಗೆ ಹೇಳ್ತಿದ್ರೆ ಎಲ್ಲಿ ನೋಡ್ತಿದ್ರಿ?”

“ಫ್ಯಾನು.”

“ಫ್ಯಾನಿಗೂ ಟೇಪು ಸುತ್ತಬೇಕಾಗಿತ್ತು!” ಎಂದರು. ನಗಲಿಲ್ಲ. ಮುಲಾಮು ಕೊಟ್ಟು, ಊತ ಪೂರ್ತಿ ಇಳಿದು ಡಾಕ್ಟರು ನೋಡುವವರೆಗೆ ಏನನ್ನೂ ಮುಟ್ಟಕೂಡದು ಎಂದರು. “ಮುಂದಿನ ಸಲ ಯಜಮಾನತೀನ ಕರ್ಕೊಂಡು ಬನ್ನಿ. ಈ ಕೆಲಸ ಒಬ್ಬರದಲ್ಲ” ಎಂದರು.

ಯಜಮಾನತಿ ಊರಲ್ಲಿಲ್ಲ ಎಂದೆ. ಏಕಿಲ್ಲ ಎಂದು ಅವರು ಕೇಳಲಿಲ್ಲ. ಕೇಳಿದ್ದರೆ ಏನು ಹೇಳುತ್ತಿದ್ದೆನೋ.

ಇಷ್ಟು ಅವಸರ ಏಕೆ ಮಾಡಿದೆ ಗೊತ್ತೇ? ನೀನು ಬರುವಷ್ಟರಲ್ಲಿ ಸರಿ ಮಾಡಿ ಇಟ್ಟಿರಬೇಕು ಎಂದು. ಗಿರಾಕಿ ಬಂದಾಗ ‘ಇನ್ನೂ ಆಗಿಲ್ಲ’ ಎಂದು ನಾನು ಯಾವತ್ತೂ ಹೇಳಿದವನಲ್ಲ.

ಮೇಸ್ತ್ರಿ

ಏಪ್ರಿಲ್ 30

ರೀ,

ಕ್ಷಮಿಸಿ, ಓದುತ್ತಾ ನಗು ಬಂತು. ತಡೆಯಲಾಗಲಿಲ್ಲ. ಅಕ್ಕ ಒಳಗಿಂದ, “ಏನೇ ಅದು, ಒಬ್ಬಳೇ ನಗ್ತಿದೀಯಾ?” ಅಂದಳು.

“ಇವರು ಪಂಪು ಕೆಡಿಸ್ಕೊಂಡಿದಾರೆ ಅಕ್ಕ.”

“ಪಂಪು ಕೆಡೋದೇನು ಅವರಿಗೆ ಹೊಸದಾ? ರಿಪೇರಿ ಮಾಡ್ಕೋತಾರೆ ಬಿಡು.”

ಆಮೇಲೆ ಬಚ್ಚಲಿಗೆ ಹೋಗಿ ಅತ್ತೆ. ನೋವು ಕಡಿಮೆಯಾಯಿತೇ? ಮುಲಾಮು ತಪ್ಪದೆ ಹಚ್ಚಿ.

ನಿಮ್ಮ ಕಾಗದದ ಕೊನೆಯ ಸಾಲಿನಲ್ಲಿ ‘ಗಿರಾಕಿ’ ಎಂದು ಬರೆದಿದ್ದೀರಿ. ಆ ಮಾತಿಗೇ ಇಷ್ಟು ದಿನ ತಡಕಾಡುತ್ತಿದ್ದೆ. ನಾನು ಹತ್ತು ದಿನಕ್ಕೆಂದು ಬಂದು ಇಲ್ಲೇ ಉಳಿದದ್ದು ಅಕ್ಕನ ಸಲುವಾಗಿ ಮಾತ್ರ ಅಲ್ಲ. ನಿಮಗೂ ಅದು ಗೊತ್ತು, ಆದರೆ ಕಾರಣವನ್ನು ನೀವು ತಪ್ಪು ತಿಳಿದಿದ್ದೀರಿ. ಟ್ಯೂಬು, ಚೀಲ ಬದಲಿಸಿದ್ದಕ್ಕೆ ನನಗೆ ಅಸಹ್ಯವಾಗಿಲ್ಲ. ಮಗಳ ಬಟ್ಟೆ ಒಗೆದ ಕೈ ಇದು. ಗಂಡನದಕ್ಕೆ ಹೇಸುತ್ತದೆಯೇ?

ನಿಮಿರಲೆಂದು ಡಾಕ್ಟರು ಕೊಟ್ಟ ಮಾತ್ರೆ ಶುರುವಾದ ಮೇಲೆ ನೀವು ಅದನ್ನು ನುಂಗಿ ಗಡಿಯಾರ ನೋಡುತ್ತಾ ಕೂರುತ್ತಿದ್ದಿರಿ. ಹೊತ್ತಾಯಿತು ಎಂದು ದೀಪ ಹಾಕಿ ನನ್ನನ್ನು ಕರೆಯುತ್ತಿದ್ದಿರಿ. ಮೋಟಾರು ಹಚ್ಚಿ ನೀರು ಬರುತ್ತದೋ ಇಲ್ಲವೋ ಎಂದು ಪೈಪಿನ ಬಾಯಿ ನೋಡುವ ಹಾಗೆ ನೋಡುತ್ತಿದ್ದಿರಿ. ನನ್ನ ಮುಖವನ್ನು ಒಂದು ಸಲವೂ ನೋಡಲಿಲ್ಲ. ನಾನು ಹೆಂಡತಿಯೋ, ನಿಮ್ಮ ಅಂಗಡಿಯ ಪರೀಕ್ಷೆಯ ಮೇಜೋ? ಆಗಲಿಲ್ಲ ಎಂದರೆ ಗೋಡೆಗೆ ತಿರುಗಿ ‘ಸಾರಿ’ ಎನ್ನುತ್ತಿದ್ದಿರಿ. ಮೂವತ್ತೊಂದು ವರ್ಷದ ಸಂಸಾರದಲ್ಲಿ ನೀವು ನನಗೆ ‘ಸಾರಿ’ ಅಂದವರೇ ಅಲ್ಲ. ಅನ್ನಬೇಕಾದ ಕಡೆಯೂ ಅನ್ನಲಿಲ್ಲ.

ಮೊದಲು ನಾನು ಹೊಲಿಗೆ ಮಿಷನ್ ತುಳಿಯುತ್ತಾ ಕೂತಿದ್ದರೆ, ನೀವು ಆ ಕಡೆ ಹೋಗುವಾಗ ಸುಮ್ಮನೆ ನನ್ನ ಹೆಗಲ ಮೇಲೆ ಒಂದು ಸಲ ಕೈಯಿಟ್ಟು ಹೋಗುತ್ತಿದ್ದಿರಿ. ಎಷ್ಟೋ ಸಲ ಗ್ರೀಸಿನ ಕೈ. ನಾನು ಬೈಯುತ್ತಿದ್ದೆ. ಆಪರೇಷನ್ ಆದಮೇಲೆ ಆ ಕೈ ಬರಲಿಲ್ಲ. ಪರೀಕ್ಷೆ ಇದ್ದ ದಿನ ಬಿಟ್ಟರೆ ನೀವು ನನ್ನನ್ನು ಮುಟ್ಟಲೇ ಇಲ್ಲ. ನನಗೆ ಬೇಕಾದದ್ದು ಆ ಕೈ. ಅದನ್ನು ಯಾವ ಡಾಕ್ಟರೂ ಕತ್ತರಿಸಿಲ್ಲ.

ಇವಳು

ಮೇ 9

ಇವಳಿಗೆ,

ಓದಿದೆ. ಎರಡು ಸಲ ಓದಿದೆ.

ಹಾಗಾದರೆ ನಿನಗೆ ಅದು ಬೇಡ. ಹೆಗಲ ಮೇಲೆ ಕೈಯಿಟ್ಟರೆ ಸಾಕು. ಬಹಳ ಸುಲಭವಾಯಿತು. ಪೆಟ್ಟಿಗೆಯನ್ನು ಗುಜರಿಗೆ ಹಾಕಬಹುದು.

ಮುಖ ನೋಡಲಿಲ್ಲ ಅಂದಿದ್ದೀಯ, ನಿಜ. ಹೇಗೆ ನೋಡಲಿ? ನಿನ್ನ ಮುಖದಲ್ಲಿ ‘ಪಾಪ’ ಎಂದು ಕಂಡರೆ ನಾನು ಅಲ್ಲೇ ಸಾಯುತ್ತಿದ್ದೆ. ಗೋಡೆಗೆ ಮುಖವಿಲ್ಲ, ಅದಕ್ಕೇ ಗೋಡೆ ನೋಡಿದೆ.

ಆದರೆ ಒಂದು ಮಾತು. ಡಾಕ್ಟರು ಜೀವ ಉಳಿಯಿತು, ಖುಷಿಪಡಿ ಎನ್ನುತ್ತಾರೆ. ನೀನು ಕೈ ಇದೆಯಲ್ಲ, ಅದೇ ಸಾಕು ಎನ್ನುತ್ತೀಯ. ಎಲ್ಲರೂ ನನಗೆ ಉಳಿದದ್ದನ್ನು ಎಣಿಸಿ ತೋರಿಸುತ್ತಿದ್ದೀರಿ. ಹೋದದ್ದು ನನ್ನದು. ಹದಿನಾಲ್ಕನೇ ವಯಸ್ಸಿನಿಂದ ನನ್ನ ಜೊತೆ ಇದ್ದದ್ದು. ಕೇಳದಿದ್ದರೂ ಏಳುತ್ತಿತ್ತು, ಬೇಡವೆಂದರೂ ಏಳುತ್ತಿತ್ತು. ಈಗ ಸ್ನಾನ ಮಾಡುವಾಗ ನೋಡಿದರೆ ಯಾರದ್ದೋ ಹಾಗೆ ಕಾಣುತ್ತದೆ. ಷಡ್ಡಕ ಸತ್ತಾಗ ಊರೆಲ್ಲ ಬಂದು ಅತ್ತಿತು. ಇದಕ್ಕೆ ಅಳಲು ನನಗೆ ಒಬ್ಬರೂ ಸಿಗುತ್ತಿಲ್ಲ. ನೀನಾದರೂ ‘ಅಯ್ಯೋ, ಹೋಯಿತಲ್ಲ’ ಅನ್ನಬಹುದಿತ್ತು.

ಮೇಸ್ತ್ರಿ

ಮೇ 13

ರೀ,

ಬೇಡ ಎಂದು ನಾನು ಎಲ್ಲಿ ಬರೆದೆ? ಕನ್ನಡಕ ಹಾಕಿಕೊಂಡು ಇನ್ನೊಮ್ಮೆ ಓದಿ. ಎಲ್ಲೂ ಇಲ್ಲ.

ಐವತ್ತಾರರ ಹೆಂಗಸು ಇಂಥದ್ದನ್ನು ಕಾಗದದ ಮೇಲೆ ಬರೆಯುವ ಹಾಗಾಯಿತು. ಬರೆಯುತ್ತೇನೆ. ನನಗೂ ಬೇಕು. ನಿಮಗೆ ಮಾತ್ರ ಹೋದದ್ದು ಎಂದು ಯಾರು ಹೇಳಿದರು? ನನ್ನ ಹಾಸಿಗೆಯಿಂದಲೂ ಹೋಯಿತು. ಡಾಕ್ಟರು ನಿಮಗಾದರೂ ‘ಟೈಮ್ ಬೇಕು’ ಅಂದರು. ನನ್ನನ್ನು ಯಾರೂ ಕೇಳಲೇ ಇಲ್ಲ. ನಾನು ಅತ್ತರೆ ನೀವು ಕುಗ್ಗುತ್ತೀರಿ ಎಂದು ನಿಮ್ಮೆದುರು ಅಳಲಿಲ್ಲ. ಅಕ್ಕನ ಎದುರು ಅಳುವ ಹಾಗೇ ಇಲ್ಲ. ಅವಳ ದುಃಖದ ಪಕ್ಕದಲ್ಲಿ ನನ್ನದನ್ನು ಇಟ್ಟರೆ ನಾಚಿಕೆಯಾಗುತ್ತದೆ.

ಅಯ್ಯೋ, ಹೋಯಿತಲ್ಲ ರೀ.

ಗುರುವಾರದ ಬಸ್ಸಿಗೆ ಬರುತ್ತೇನೆ. ಅಕ್ಕನೇ ‘ಹೋಗು’ ಅಂದಳು. ಪೆಟ್ಟಿಗೆಯನ್ನು ಗುಜರಿಗೆ ಹಾಕಬೇಡಿ. ನರ್ಸಮ್ಮನ ಹತ್ತಿರ ನಾನೂ ಬರುತ್ತೇನೆ, ಅವರು ಹೇಳುವುದನ್ನು ನಾನು ಕೇಳಿಸಿಕೊಳ್ಳುತ್ತೇನೆ. ನೀವು ಬೇಕಾದರೆ ಫ್ಯಾನ್ ನೋಡುತ್ತಾ ಕೂತಿರಿ.

ನಿಮ್ಮ
ಇವಳು

ನವೆಂಬರ್ 8

ಇವಳಿಗೆ,

ಆರು ತಿಂಗಳು ಒಂದೇ ಸೂರಿನ ಕೆಳಗಿದ್ದು ಕಾಗದ ಬರೆಯುವುದೇ ಮರೆತಿದೆ. ಈ ಕೆರೆಯ ಪಂಪಿನ ಕೆಲಸಕ್ಕೆಂದು ನೀನು ಬಸ್ಸು ಹತ್ತಿಸಿ ಕಳಿಸಿದ ಮೇಲೆ ಇಲ್ಲಿ ಒಂದು ಕೆಲಸವೂ ನೆಟ್ಟಗೆ ಆಗಿಲ್ಲ. ಕೆರೆ ದಂಡೆಯಲ್ಲಿ ಪಂಪ್‌ಹೌಸ್ ಸಿದ್ಧವಾಗಿದೆ, ಮೂರು ಪಂಪ್ ಬಂದಿವೆ, ಆದರೆ ಬೋಲ್ಟುಗಳು ಬೇರೆ ಅಳತೆಯವು. ಕಂಟ್ರಾಕ್ಟರನಿಗೆ ಹೇಳಿದರೆ, “ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ ಮೇಸ್ತ್ರಿ” ಎನ್ನುತ್ತಾನೆ. ಅಡ್ಜಸ್ಟ್ ಮಾಡಲು ಹೋಗಿ ನನಗೆ ಏನಾಯಿತು ಎಂದು ಅವನಿಗೇನು ಗೊತ್ತು? ಆಗುವುದಿಲ್ಲ, ಸರಿಯಾದದ್ದು ತರಿಸು ಅಂದೆ. ಅದು ಬರುವವರೆಗೆ ಲಾಡ್ಜಿನಲ್ಲಿ ಬಿದ್ದಿರಬೇಕು. ನಲ್ಲಿ ರಾತ್ರಿಯೆಲ್ಲ ತೊಟ್ಟಿಕ್ಕುತ್ತದೆ. ಅದನ್ನೂ ನಾನೇ ಸರಿಮಾಡಿದೆ.

ಬಿದ್ದುಕೊಂಡು ಈ ಆರು ತಿಂಗಳನ್ನೇ ಯೋಚಿಸುತ್ತಿದ್ದೆ. ಹೊಸ ಪಂಪು ತಂದು, ಅದರ ವಾಲ್ವಿನ ಹತ್ತಿರ ನನ್ನ ಕೈ ಹೋದರೆ ನೀನು ಹೊಡೆಯುತ್ತಿದ್ದುದು. ಆಮೇಲೆ ನಿಮಿರಲೆಂದು ಡಾಕ್ಟರು ಬರೆದುಕೊಟ್ಟ ಆ ಇಂಜೆಕ್ಷನ್. ನಾನು ಅಲ್ಲಿಗೆ ಚುಚ್ಚಿಕೊಳ್ಳಲಾರೆ ಎಂದು ಎದ್ದು ಹೋದಾಗ, “ಬನ್ನಿ ಇಲ್ಲಿ, ಹುಟ್ಟಿದಾಗಿಂದ ಸೂಜಿ ಹಿಡಿದವಳು ನಾನು” ಅಂದೆ. ಕನ್ನಡಕ ಏರಿಸಿಕೊಂಡು ನೀನೇ ಚುಚ್ಚಿದೆ. ಎದ್ದು ನಿಂತಿತೇನೋ ನಿಜ. ಸಿಡಿಯುವಂಥ ನೋವು ಬೇರೆ. ಅಷ್ಟರಲ್ಲಿ ಮಗಳ ಫೋನು. “ಅಪ್ಪ ಹೇಗಿದಾರಮ್ಮ?” ಎಂದಾಗ ನೀನು, “ನೆಟ್ಟಗಿದಾರೆ” ಅಂದೆ. ಇಬ್ಬರೂ ನಕ್ಕು ನಕ್ಕು, ಎದ್ದದ್ದು ಉಪಯೋಗಕ್ಕೇ ಬರಲಿಲ್ಲ. ಉಳಿದ ಸಲ ಅರ್ಧ, ಮುಕ್ಕಾಲು, ಇಲ್ಲವೇ ಇಲ್ಲ. ನೀನು ಬೇಸರ ಮಾಡಿಕೊಳ್ಳಲಿಲ್ಲ. ನಾನು ಮಾಡಿಕೊಂಡೆ. ಇವತ್ತಿಗೂ ಮಾಡಿಕೊಳ್ಳುತ್ತೇನೆ. ಕೈಯಿಟ್ಟು ಹೋಗುವುದನ್ನು ಕಲಿತಿದ್ದೇನೆ ಎಂದ ಮಾತ್ರಕ್ಕೆ ಉಳಿದದ್ದು ಮರೆತಿಲ್ಲ.

ಇಷ್ಟೆಲ್ಲ ಪೀಠಿಕೆ ಏಕೆಂದರೆ, ಇವತ್ತು ಬೆಳಿಗ್ಗೆ ಎಚ್ಚರವಾದಾಗ ಅದು ಎದ್ದಿತ್ತು. ತಾನೇ. ಮಾತ್ರೆಯಿಲ್ಲ, ಪಂಪಿಲ್ಲ, ಸೂಜಿಯಿಲ್ಲ. ಪೂರ್ತಿ ಅಲ್ಲ, ಆದರೆ ನನ್ನದೇ. ಮೊದಲು ಕನಸು ಅಂದುಕೊಂಡೆ. ಆಮೇಲೆ ಹೊದಿಕೆ ತೆಗೆದು ನೋಡಿದೆ. ಹದಿನೈದು ತಿಂಗಳ ಮೇಲೆ! ನೋಡುತ್ತಾ ಕೂತೆ, ಮಾತಾಡಿಸಲಿಲ್ಲ, ಹೆದರಿ ಹೋದರೆ ಎಂದು. ಬಾಗಿಲ ಹೊರಗೆ ಚಹಾದವನು “ಸಾರ್, ಚಹಾ” ಎಂದು ಬಡಿದ. “ಹೋಗಯ್ಯ ಆ ಕಡೆ!” ಎಂದು ಕೂಗಿದೆ. ಆ ಕೂಗಿಗೆ ಅದೂ ಹೋಯಿತು.

ಕೂತು ಅತ್ತೆ. ಸಂತೋಷಕ್ಕೆ ಎಂದು ತಿಳಿಯಬೇಡ, ಸಿಟ್ಟಿಗೆ. ಎಂಥ ವಿಧಿ ನೋಡು! ನೀನು ಪಕ್ಕದಲ್ಲಿದ್ದಷ್ಟು ದಿನ ಬೇಡಿಕೊಂಡರೂ ಬರದೆ, ನೀನಿಲ್ಲದ ಊರಿಗೆ, ನಲ್ಲಿ ಸೋರುವ ಲಾಡ್ಜಿಗೆ ಬಂತು. ಮನೆಗೆ ಬರುವ ಹೊತ್ತಿಗೆ ಮತ್ತೆ ಮಲಗಿರುತ್ತದೆ. ಕೆಲಸ ಬಿಟ್ಟು ಬಸ್ಸು ಹತ್ತೋಣವೇ ಎಂದು ಚೀಲಕ್ಕೆ ಬಟ್ಟೆ ತುಂಬಿದ್ದೇನೆ.

ನಿನ್ನ
ಮೇಸ್ತ್ರಿ

ನವೆಂಬರ್ 12

ರೀ,

ಇದು ತಲುಪುವ ಮೊದಲೇ ನೀವು ಹೊರಟುಬಿಟ್ಟರೆ ಎಂದು ಬೆಳಿಗ್ಗೆ ಫೋನ್ ಮಾಡಿ ‘ಅಲ್ಲೇ ಇರಿ’ ಎಂದದ್ದು. ಏಕೆ ಏಕೆ ಎಂದು ನೀವು ಕೂಗಾಡಿದಿರಿ. ಮಗಳು ಬಂದು ಪಕ್ಕದಲ್ಲಿ ಕೂತಿದ್ದಳು, ಹೇಗೆ ಹೇಳಲಿ?

ನಿಮ್ಮ ಕಾಗದವನ್ನು ಮಿಷನ್ ಮುಂದೆ ಕೂತು ಓದಿದೆ. ಹೊಲಿಯುತ್ತಿದ್ದ ಅಂಗಿಯ ತೋಳನ್ನು ತಲೆಕೆಳಗಾಗಿ ಕೂರಿಸಿಬಿಟ್ಟೆ, ಬಿಚ್ಚಬೇಕಾಯಿತು. ಅದು ಬಂದದ್ದನ್ನು ನೋಡಲು ನಾನಿರಲಿಲ್ಲ ಎಂದು ನನಗೂ ಹೊಟ್ಟೆ ಉರಿಯಿತು. ಆ ಚಹಾದವನ ಮೇಲಂತೂ ಹೇಳಲಾರದಷ್ಟು ಸಿಟ್ಟು ಬಂತು.

ಕೆಲಸ ಅರ್ಧಕ್ಕೆ ಬಿಟ್ಟು ನೀವು ಓಡಿ ಬರಬೇಡಿ. ಬಸ್ಸಿನುದ್ದಕ್ಕೂ ಇದೆಯೋ ಹೋಯಿತೋ ಎಂದು ಲೆಕ್ಕ ಹಾಕುತ್ತಾ ಬರುತ್ತೀರಿ, ನಿಮ್ಮನ್ನು ನಾನು ಬಲ್ಲೆ. ಮನೆ ಬಾಗಿಲಿಗೆ ಬರುವಷ್ಟರಲ್ಲಿ ನಾನು ಮತ್ತೆ ಗಿರಾಕಿಯಾಗಿರುತ್ತೇನೆ.

ನಾನೇ ಬರುತ್ತೇನೆ. ಶನಿವಾರ ಮಧ್ಯಾಹ್ನದ ಬಸ್ಸು. ಹೊಲಿದ ಬಟ್ಟೆಯನ್ನೆಲ್ಲ ಶುಕ್ರವಾರವೇ ಕೊಟ್ಟುಬಿಡುತ್ತೇನೆ. ಲಾಡ್ಜಿನವನಿಗೆ ಇನ್ನೊಂದು ದಿಂಬು ಕೇಳಿ. ಬಾಗಿಲಿಗೆ ಒಳಗಿನಿಂದ ಹಾಕುವ ಚಿಲಕ ಸರಿಯಿದೆಯೇ ನೋಡಿ, ಇಲ್ಲದಿದ್ದರೆ ಸರಿಮಾಡಿ. ಅದನ್ನು ಮಾತ್ರ ಸರಿಮಾಡಿ.

ಏನಾದರೂ ಆದರೆ ಆಗಲಿ. ಆಗದಿದ್ದರೆ, ನಿಮ್ಮ ಬೋಲ್ಟು ಬರುವವರೆಗೆ ಕೆರೆ ದಂಡೆಯಲ್ಲಿ ಅಡ್ಡಾಡೋಣ. ಸಿಟ್ಟು ಬಂದರೆ ಮಾಡಿಕೊಳ್ಳಿ, ನಾನೂ ಮಾಡಿಕೊಳ್ಳುತ್ತೇನೆ. ಇಬ್ಬರಿದ್ದರೆ ಸಿಟ್ಟೂ ಬೇಗ ಮುಗಿಯುತ್ತದೆ.

ನಿಮ್ಮ
ಇವಳು